ನೆಗಡಿಗೆ ಮದ್ದು, ಮದ್ದಿಗೊಂದು ಮಿತಿ

ಮಳೆಗಾಲದ ಸಂಜೆ ಯಾವುದೇ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿನ ಮುಂದೆ ಕಾಲು ಗಂಟೆ ನಿಂತರೆ ಈ ಮಾತು ಕಿವಿಗೆ ಬೀಳದೆ ಇರದು: "ಅಣ್ಣ, ನೆಗಡಿ, ಮೈಕೈ ನೋವು. ಎರಡು ದಿನಕ್ಕೆ ಮಾತ್ರೆ ಕೊಡಿ." ಅಂಗಡಿಯವರು ಹಿಂದಿನ ಡಬ್ಬಗಳಿಗೆ ಕೈ ಹಾಕುತ್ತಾರೆ. ಕತ್ತರಿಯಲ್ಲಿ ಸ್ಟ್ರಿಪ್ಪುಗಳನ್ನು ತುಂಡು ಮಾಡಿ, ಬೆಳಗ್ಗೆ ಒಂದು ರಾತ್ರಿ ಒಂದು ಎಂದು ಹೇಳಿ ಕಾಗದದ ಕವರಿಗೆ ಹಾಕಿ ಕೊಡುತ್ತಾರೆ. ಜ್ವರಕ್ಕೆ ಒಂದು, ಮೂಗು ಸೋರುವುದಕ್ಕೆ ಒಂದು, ಗ್ಯಾಸ್ಟ್ರಿಕ್ ಆಗದಿರಲಿ ಎಂದು ಇನ್ನೊಂದು. ಬಹಳ ಸಲ ನಾಲ್ಕನೆಯದಾಗಿ ಅಜಿಥ್ರೊಮೈಸಿನ್‌ನಂಥ ಒಂದು ಆ್ಯಂಟಿಬಯಾಟಿಕ್ ಕೂಡ ಅದೇ ಕವರಿಗೆ ಬೀಳುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ ಅದು. ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುವ ಆ ಮಾತ್ರೆಗೂ ವೈರಸ್‌ನಿಂದ ಬರುವ ನೆಗಡಿಗೂ ಯಾವ ಸಂಬಂಧವೂ ಇಲ್ಲ.

ಅದೇ ಊರಿನ ಇನ್ನೊಂದು ಮನೆಯಲ್ಲಿ ಮೊಬೈಲಿಗೆ ಬಂದ ಸಂದೇಶವೊಂದು ಕೈಯಿಂದ ಕೈಗೆ ಹೋಗುತ್ತಿರುತ್ತದೆ. ಶುಂಠಿ, ಮೆಣಸು, ಅರಿಶಿನ, ತುಳಸಿ ಹಾಕಿ ಕುದಿಸಿ ಕುಡಿದರೆ ಮೂರೇ ದಿನದಲ್ಲಿ ವೈರಸ್ ಸಾಯುತ್ತದೆ, ಯಾವ ಡಾಕ್ಟರೂ ಬೇಡ ಎಂಬುದು ಅದರ ಸಾರ. ಮಾತ್ರೆ ನಂಬಿದವರು ಮತ್ತು ಈ ಸಂದೇಶ ನಂಬಿದವರು ಎದುರಾಳಿಗಳಂತೆ ಕಾಣುತ್ತಾರೆ. ಒಬ್ಬರು ವಿಜ್ಞಾನದ ಪಕ್ಷ, ಇನ್ನೊಬ್ಬರು ಅಜ್ಜಿಯ ಪಕ್ಷ. ಆದರೆ ಇಬ್ಬರ ಒಳಗೂ ಇರುವ ನಂಬಿಕೆ ಒಂದೇ: ನೆಗಡಿ ಬಂದರೆ ಅದನ್ನು ಏನಾದರೂ ಕೊಟ್ಟು ಓಡಿಸಲೇಬೇಕು. ತಪ್ಪಿರುವುದು ಈ ನಂಬಿಕೆಯಲ್ಲೇ.

ಮನೆಮದ್ದು ನೆಗಡಿಯನ್ನು ವಾಸಿ ಮಾಡುವುದಿಲ್ಲ. ನೆಗಡಿ ತಾನಾಗಿ ವಾಸಿಯಾಗುವ ತನಕ ಅದು ಮನುಷ್ಯನನ್ನು ನೋಡಿಕೊಳ್ಳುತ್ತದೆ. ಇದು ಸಣ್ಣ ಕೆಲಸವಲ್ಲ. ಈ ಕೆಲಸವನ್ನು ಅಂಗಡಿಯ ಮಾತ್ರೆಗಿಂತ ಅಡುಗೆಮನೆ ಎಷ್ಟೋ ಸಲ ಚೆನ್ನಾಗಿ ಮಾಡುತ್ತದೆ. ಆದರೆ ವಾಸಿ ಮಾಡುವ ಶಕ್ತಿಯನ್ನು ಅದರ ಮೇಲೆ ಹೊರಿಸಿದ ಕ್ಷಣದಿಂದ ಅದು ಹಾದಿ ತಪ್ಪುತ್ತದೆ, ಕೆಲವು ಸಲ ಜೀವಕ್ಕೂ ಎರವಾಗುತ್ತದೆ. ಮನೆಮದ್ದು ಉಳಿಯಬೇಕು ಎನ್ನುವವರೇ ಮೊದಲು ಅದರ ಮಿತಿಯನ್ನು ಒಪ್ಪಿಕೊಳ್ಳಬೇಕು ಎಂಬುದು ನನ್ನ ವಾದ.

"ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ" ಎಂದು ನಮ್ಮಲ್ಲಿ ಗಾದೆಯೇ ಇದೆ. ಆ ರೋಗದ ಬೆನ್ನು ಹತ್ತಿದವರು ಜಗತ್ತಿನಲ್ಲಿ ಕಡಿಮೆಯೇನಲ್ಲ. ಇಂಗ್ಲೆಂಡಿನ ಸಾಲ್ಸ್‌ಬರಿ ಬಳಿ ಎರಡನೆಯ ಮಹಾಯುದ್ಧದ ಕಾಲದ ಆಸ್ಪತ್ರೆಯೊಂದನ್ನು 1946ರಲ್ಲಿ ನೆಗಡಿಯ ಸಂಶೋಧನೆಗೆಂದೇ ಬಳಸತೊಡಗಿದರು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲಿ ಸಾವಿರಾರು ಸ್ವಯಂಸೇವಕರು ಬಂದು ತಂಗಿ, ಮೂಗಿಗೆ ವೈರಸ್ ಬಿಡಿಸಿಕೊಂಡು ಹೋದರು. ಡೇವಿಡ್ ಟೈರೆಲ್ ಮತ್ತು ಸಂಗಡಿಗರು ಮನುಷ್ಯರ ಕೊರೊನಾ ವೈರಸ್ಸೊಂದನ್ನು 1960ರ ದಶಕದಲ್ಲಿ ಗುರುತಿಸಿದ್ದೂ ಅಲ್ಲೇ. ನೆಗಡಿ ಹೇಗೆ ಹರಡುತ್ತದೆ, ಯಾವ ಯಾವ ವೈರಸ್‌ಗಳಿಂದ ಬರುತ್ತದೆ ಎಂಬುದರ ಬಗ್ಗೆ ಅಲ್ಲಿ ಬಹಳಷ್ಟು ಗೊತ್ತಾಯಿತು. ವಾಸಿ ಮಾಡುವ ಮದ್ದು ಮಾತ್ರ ಸಿಗಲಿಲ್ಲ.

ಸಿಗದಿರುವುದಕ್ಕೆ ಕಾರಣವಿದೆ. ನೆಗಡಿ ತರುವ ವೈರಸ್‌ಗಳು 200ಕ್ಕೂ ಹೆಚ್ಚು. ಅವುಗಳಲ್ಲಿ ಮುಖ್ಯವಾದ ರೈನೊವೈರಸ್ ಒಂದರಲ್ಲೇ 150ಕ್ಕೂ ಹೆಚ್ಚು ಬಗೆಗಳಿವೆ. ಒಂದಕ್ಕೆ ದೇಹ ಪಳಗುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ದೊಡ್ಡವರಿಗೆ ವರ್ಷಕ್ಕೆ ಎರಡು ಮೂರು ಸಲ, ಚಿಕ್ಕ ಮಕ್ಕಳಿಗೆ ಅದರ ಎರಡರಷ್ಟು ಸಲ ನೆಗಡಿ ಬರುವುದು ಮಾಮೂಲು. ಮೂಗು ಸೋರುವುದು, ಗಂಟಲು ಕೆರೆಯುವುದು, ತಲೆ ಭಾರವಾಗುವುದು, ಇವೆಲ್ಲ ಬಹುಪಾಲು ವೈರಸ್‌ಗಿಂತ ಅದರ ವಿರುದ್ಧ ದೇಹ ನಡೆಸುವ ಹೋರಾಟದಿಂದಲೇ ಆಗುವಂಥವು. ಎರಡನೆಯ ಮೂರನೆಯ ದಿನ ಏರಿ, ವಾರ ಹತ್ತು ದಿನದಲ್ಲಿ ಎಲ್ಲವೂ ಇಳಿಯುತ್ತದೆ. ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯಬಹುದು.

ಈ ಏರಿಳಿತವನ್ನು ಅರ್ಥ ಮಾಡಿಕೊಂಡರೆ ಪ್ರತಿ ಮನೆಯಲ್ಲೂ ಒಂದೊಂದು "ಎಂದೂ ಸೋಲದ" ಮದ್ದು ಯಾಕಿದೆ ಎಂಬುದೂ ಅರ್ಥವಾಗುತ್ತದೆ. ಮೊದಲ ದಿನ ಯಾರೂ ಮದ್ದು ಮಾಡುವುದಿಲ್ಲ. ಮೂರನೆಯ ದಿನ, ಇನ್ನು ತಡೆಯಲಾರೆ ಎನಿಸಿದಾಗ ಕಷಾಯ ಒಲೆಯ ಮೇಲೇರುತ್ತದೆ. ಐದನೆಯ ದಿನಕ್ಕೆ ತಲೆ ಹಗುರ, ಏಳನೆಯ ದಿನಕ್ಕೆ ಮೂಗು ಖಾಲಿ. ಇಳಿಯುವ ಹೊತ್ತಿಗೆ ಸರಿಯಾಗಿ ಬಂದ ಮದ್ದಿಗೆ ಇಳಿಸಿದ ಕೀರ್ತಿ ಸಲ್ಲುತ್ತದೆ. ಅದೇ ಮೂರನೆಯ ದಿನ ನುಂಗಿದ ಆ್ಯಂಟಿಬಯಾಟಿಕ್‌ಗೂ, ಹೋಮಿಯೋಪಥಿಯ ಗುಳಿಗೆಗೂ, ಕಟ್ಟಿಸಿಕೊಂಡ ತಾಯಿತಕ್ಕೂ ಅದೇ ಕೀರ್ತಿ ಸಿಗುತ್ತದೆ. "ನಮಗೆ ಗುಣವಾಗಿದೆ, ಇನ್ನೇನು ಸಾಕ್ಷಿ ಬೇಕು?" ಎಂದು ಕೇಳುವವರ ಪ್ರಾಮಾಣಿಕತೆಯನ್ನು ನಾನು ಸಂದೇಹಿಸುವುದಿಲ್ಲ. ಆದರೆ ತಾನಾಗಿ ಹೋಗುವ ಕಾಯಿಲೆಯಲ್ಲಿ ಗುಣವಾದದ್ದು ಮದ್ದಿಗೆ ಸಾಕ್ಷಿಯಾಗಲಾರದು. ಕುಡಿದವರನ್ನೂ ಕುಡಿಯದವರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ನಿಜ ತಿಳಿಯುತ್ತದೆ.

ಹಾಗೆ ಇಟ್ಟು ನೋಡಿದವರಿದ್ದಾರೆ. ಅವರು ಕಂಡದ್ದು ಅಡುಗೆಮನೆಗೆ ಗೌರವ ತರುವಂಥದ್ದೇ. ವೇಲ್ಸ್‌ನ ಕಾರ್ಡಿಫ್‌ನಲ್ಲಿದ್ದ ನೆಗಡಿ ಸಂಶೋಧನಾ ಕೇಂದ್ರದಲ್ಲಿ ರಾನ್ ಎಕಲ್ಸ್ ಮತ್ತು ಸಂಗಡಿಗರು ನೆಗಡಿಯಾದ 30 ಮಂದಿಗೆ ಒಂದೇ ಹಣ್ಣಿನ ಪಾನಕವನ್ನು ಕೊಟ್ಟರು. ಕೆಲವರಿಗೆ ಬಿಸಿಯಾಗಿ, ಕೆಲವರಿಗೆ ಬಿಸಿ ಮಾಡದೆ. 2008ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಬಿಸಿಯಾಗಿ ಕುಡಿದವರಿಗೆ ಗಂಟಲು ನೋವು, ಚಳಿ, ಸುಸ್ತು ಎಲ್ಲ ಆ ಕ್ಷಣಕ್ಕೇ ಕಡಿಮೆಯಾದಂತೆ ಅನಿಸಿತು. ಬಿಸಿ ಮಾಡದೆ ಕುಡಿದವರಿಗೆ ಈ ಮೂರರಲ್ಲಿ ಆರಾಮ ಸಿಗಲಿಲ್ಲ. ಆದರೆ ಮೂಗಿನೊಳಗೆ ಗಾಳಿ ಎಷ್ಟು ಸರಾಗವಾಗಿ ಹರಿಯುತ್ತದೆ ಎಂದು ಯಂತ್ರವಿಟ್ಟು ಅಳೆದಾಗ ವ್ಯತ್ಯಾಸ ಕಾಣಲಿಲ್ಲ. ಬಿಸಿ ಮೂಗನ್ನು ಬಿಡಿಸಲಿಲ್ಲ, ಮನುಷ್ಯನಿಗೆ ಹಿತ ಕೊಟ್ಟಿತು. ಮನೆಮದ್ದಿನ ಶಕ್ತಿ ಮತ್ತು ಮಿತಿ ಎರಡೂ ಈ ಒಂದು ಪ್ರಯೋಗದಲ್ಲಿವೆ.

ಈಗ ನಮ್ಮ ಅಡುಗೆಮನೆಗೆ ಬರೋಣ. ಮಲೆನಾಡಿನ ಮನೆಗಳಲ್ಲಿ ಕಷಾಯದ ಪುಡಿಯ ಡಬ್ಬ ವರ್ಷವಿಡೀ ಇರುತ್ತದೆ. ಕೊತ್ತಂಬರಿ ಬೀಜ ಹೆಚ್ಚು, ಜೀರಿಗೆ ಅದಕ್ಕಿಂತ ಕಡಿಮೆ, ಮೆಣಸು, ಒಣಶುಂಠಿ, ಸ್ವಲ್ಪ ಮೆಂತ್ಯ. ಒಂದೊಂದನ್ನೂ ಬೇರೆಬೇರೆಯಾಗಿ ಪರಿಮಳ ಬರುವಷ್ಟು ಮಾತ್ರ ಹುರಿಯಬೇಕು. ಮೆಂತ್ಯ ಒಂದು ಚೂರು ಹೆಚ್ಚು ಕೆಂಪಾದರೂ ಪುಡಿಯೆಲ್ಲ ಕಹಿ. ಬೆಲ್ಲ ಕರಗಿದ ನೀರಿಗೆ ಈ ಪುಡಿ ಹಾಕಿ ಕುದಿಸಿ, ಕೊನೆಗೆ ಹಾಲು ಬೆರೆಸಿ, ಲೋಟ ಕೈಯಲ್ಲಿ ಹಿಡಿಯಲಾಗದಷ್ಟು ಬಿಸಿ ಇರುವಾಗಲೇ ಊದಿ ಊದಿ ಕುಡಿಯಬೇಕು. ಮೆಣಸಿನ ಪೈಪರಿನ್, ಶುಂಠಿಯ ಜಿಂಜರಾಲ್ ಎರಡೂ ಬಾಯಿ ಗಂಟಲಿನ ಖಾರದ ನರತುದಿಗಳನ್ನು ಮುಟ್ಟುತ್ತವೆ. ಜೊಲ್ಲು ಬರುತ್ತದೆ, ಮೂಗಿನಿಂದ ನೀರು ಇಳಿಯುತ್ತದೆ, ಕಟ್ಟಿದ ಸಿಂಬಳ ತೆಳುವಾಗುತ್ತದೆ, ಒಣಗಿ ಕೆರೆಯುತ್ತಿದ್ದ ಗಂಟಲು ನೆನೆಯುತ್ತದೆ.

ಹಿತ್ತಿಲ ದೊಡ್ಡಪತ್ರೆಯ ಎಲೆಯನ್ನು ಕಾವಲಿಯ ಮೇಲೆ ಬಾಡಿಸಿ ರಸ ಹಿಂಡುವುದು, ಗದ್ದೆಯ ಏಡಿ ತಂದು ಖಾರವಾಗಿ ಸಾರು ಮಾಡುವುದು, ಬಯಲುಸೀಮೆಯ ಹುರಳಿ ಕಟ್ಟಿನ ಸಾರು, ಹಳೇ ಮೈಸೂರಿನ ನಾಟಿಕೋಳಿ ಸಾರು, ಯಾವ ಮನೆಯಲ್ಲೂ ಇರುವ ಮೆಣಸಿನ ಸಾರು, ಇವೆಲ್ಲ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ: ಬಿಸಿ, ಖಾರ, ಉಪ್ಪು, ನೀರು. ಬಾಯಿಗೆ ರುಚಿಯೇ ಇಲ್ಲದ ದಿನ ಒಂದು ತುತ್ತು ಅನ್ನ ಒಳಗೆ ಹೋಗುವಂತೆ ಮಾಡುವುದೂ ಅದರಲ್ಲಿ ಸೇರಿದೆ. ಜಾತಿ, ಸೀಮೆ, ಊಟದ ಕ್ರಮ ಬೇರೆಬೇರೆಯಾದರೂ ಎಲ್ಲರೂ ಬಂದು ತಲುಪಿದ ಜಾಗ ಇದೇ ಆಗಿರುವುದು ಕಾಕತಾಳೀಯವಲ್ಲ. ಏಡಿಯಲ್ಲೋ ತುಳಸಿಯಲ್ಲೋ ಗುಪ್ತ ಶಕ್ತಿಯನ್ನು ಹುಡುಕುವ ಮೊದಲು, ಎಲ್ಲದರಲ್ಲೂ ಇರುವ ಈ ನಾಲ್ಕನ್ನು ನೋಡಬೇಕು.

ಜೇನುತುಪ್ಪಕ್ಕೆ ಇನ್ನೂ ಗಟ್ಟಿಯಾದ ಸಾಕ್ಷಿ ಇದೆ. ಅಮೆರಿಕದ ಪೆನ್ ಸ್ಟೇಟ್‌ನಲ್ಲಿ ಇಯಾನ್ ಪಾಲ್ ಅವರ ತಂಡ 2ರಿಂದ 18 ವರ್ಷದ 105 ಮಕ್ಕಳನ್ನು ಮೂರು ಗುಂಪು ಮಾಡಿತು. ಒಂದು ಗುಂಪಿಗೆ ಮಲಗುವ ಮುನ್ನ ಜೇನು, ಇನ್ನೊಂದಕ್ಕೆ ಡೆಕ್ಸ್ಟ್ರೊಮೆಥಾರ್ಫಾನ್ ಎಂಬ ಕೆಮ್ಮಿನ ಔಷಧ, ಮೂರನೆಯದಕ್ಕೆ ಏನೂ ಇಲ್ಲ. 2007ರಲ್ಲಿ ಬಂದ ವರದಿಯಂತೆ, ರಾತ್ರಿಯ ಕೆಮ್ಮು ಜೇನು ತಿಂದ ಮಕ್ಕಳಲ್ಲಿ ಹೆಚ್ಚು ತಗ್ಗಿತು. ಔಷಧ ಪಡೆದವರಿಗೂ ಏನೂ ಪಡೆಯದವರಿಗೂ ಗಣನೀಯ ವ್ಯತ್ಯಾಸ ಇರಲಿಲ್ಲ. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಅಲ್ಲಿನ ಜೇನು ಮಂಡಳಿ ಎಂಬುದನ್ನೂ ಹೇಳಬೇಕು. ಆದರೆ ಮುಂದೆ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರೂ ಜೇನಿನ ಪರವಾಗಿಯೇ ಮಾತಾಡಿದ್ದಾರೆ. ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿ 2018ರಿಂದ ಸಾಮಾನ್ಯ ಕೆಮ್ಮಿಗೆ ಆ್ಯಂಟಿಬಯಾಟಿಕ್ ಬೇಡ, ಜೇನು ಬಳಸಿ ನೋಡಿ ಎನ್ನುತ್ತಿದೆ. ಇನ್ನು ಜಪಾನಿನಲ್ಲಿ 387 ಮಂದಿಯ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನಕ್ಕೆ ಮೂರು ಸಲ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಗಂಟಲು ಗಳಗಳಿಸಿದವರಿಗೆ ನೆಗಡಿ ಬರುವುದೇ ಸುಮಾರು ಮೂರನೆಯ ಒಂದು ಭಾಗ ಕಡಿಮೆಯಾಗಿತ್ತು.

"ಹಾಗಾದರೆ ಇದೆಲ್ಲ ಬರೀ ಅನಿಸಿಕೆಯಷ್ಟೇ ಅಲ್ಲವೇ, ಕಾಯಿಲೆ ಒಂದು ದಿನವೂ ಬೇಗ ಹೋಗುವುದಿಲ್ಲವಲ್ಲ" ಎಂದು ಕೇಳುವವರುಂಟು. ಸಂಕಟವೇ ಕಾಯಿಲೆಯ ಮುಕ್ಕಾಲು ಪಾಲಾಗಿರುವಾಗ ಸಂಕಟ ತಗ್ಗಿಸುವುದು ಕಡಿಮೆ ಕೆಲಸವೇನಲ್ಲ. ಅಂಗಡಿಯ ಮಾತ್ರೆಗಳಾದರೂ ಇದಕ್ಕಿಂತ ಹೆಚ್ಚೇನು ಮಾಡುತ್ತವೆ? ಮೂಗು ಕಟ್ಟಿದ್ದನ್ನು ಬಿಡಿಸುತ್ತದೆ ಎಂದು ಲೆಕ್ಕವಿಲ್ಲದಷ್ಟು ನೆಗಡಿ ಮಾತ್ರೆಗಳಲ್ಲಿ ಬೆರೆಸುವ ಫಿನೈಲೆಫ್ರಿನ್, ಬಾಯಿಂದ ನುಂಗಿದಾಗ ಪರಿಣಾಮವನ್ನೇ ಬೀರುವುದಿಲ್ಲ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ 2023ರಲ್ಲಿ ಒಮ್ಮತದಿಂದ ತೀರ್ಮಾನಿಸಿತು. ಕಷಾಯವನ್ನು ಅಳೆಯುವ ಅಳತೆಗೋಲಿನಲ್ಲೇ ಮಾತ್ರೆಯನ್ನೂ ಅಳೆಯಬೇಕು. ಜ್ವರ, ಮೈಕೈ ನೋವಿಗೆ ಪ್ಯಾರಸಿಟಮಾಲ್ ಈ ಅಳತೆಯಲ್ಲಿ ಗೆಲ್ಲುತ್ತದೆ. ಬೇಕಾದಾಗ ಅದನ್ನು ತಗೊಳ್ಳುವುದರಲ್ಲಿ ತಪ್ಪೇನಿಲ್ಲ. ಆ ಕವರಿನಲ್ಲಿದ್ದ ಉಳಿದ ಎಷ್ಟೋ ಮಾತ್ರೆಗಳು ಸೋಲುತ್ತವೆ.

ಮಕ್ಕಳ ವಿಷಯದಲ್ಲಂತೂ ಈ ಸೋಲು ಪ್ರಾಣಕ್ಕೇ ಬಂದಿದೆ. ಭಾರತದಲ್ಲಿ ತಯಾರಾದ ಸಿರಪ್‌ಗಳ ಕುರಿತು 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಕೆ ಕೊಟ್ಟಾಗ ಗ್ಯಾಂಬಿಯಾದಲ್ಲಿ 60ಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತಿದ್ದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಅದೇ ಕಥೆ; ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್. ಆ ಬಳಿಕ ಕೇಂದ್ರ ಆರೋಗ್ಯ ಇಲಾಖೆ ಎರಡು ವರ್ಷದೊಳಗಿನ ಮಕ್ಕಳಿಗೆ ನೆಗಡಿ-ಕೆಮ್ಮಿನ ಔಷಧ ಬರೆಯಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ಬಹುಪಾಲು ತಾನಾಗಿ ವಾಸಿಯಾಗುವ ಕೆಮ್ಮಿಗೆ ಕೊಟ್ಟ ಔಷಧದಿಂದ ಮಗು ಸಾಯುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ? ಬೇಡದ ಆ್ಯಂಟಿಬಯಾಟಿಕ್‌ನ ಹಾನಿ ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ, ಆದರೆ ಅದರ ವ್ಯಾಪ್ತಿ ಇನ್ನೂ ದೊಡ್ಡದು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾಗಳಿಂದ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರು ಎಂದು ಲ್ಯಾನ್ಸೆಟ್ ಪತ್ರಿಕೆ 2022ರಲ್ಲಿ ಅಂದಾಜನ್ನು ಪ್ರಕಟಿಸಿತು. ಇಂದು ನೆಗಡಿಗೆ ನುಂಗಿದ ಆ್ಯಂಟಿಬಯಾಟಿಕ್, ನಾಳೆ ನಿಮೋನಿಯಾಕ್ಕೆ ಕೈಕೊಡುವ ಕಾಲವನ್ನು ಹತ್ತಿರ ತರುತ್ತದೆ. ಆ ನಾಲ್ಕನೆಯ ಮಾತ್ರೆಯ ಜಾಗದಲ್ಲಿ ಒಂದು ಲೋಟ ಕಷಾಯ ಬಂದರೆ ಅದು ಇಡೀ ಸಮಾಜಕ್ಕೆ ಮಾಡಿದ ಉಪಕಾರ.

ಇಷ್ಟು ಹೇಳಿದ ಮೇಲೆ ಮನೆಮದ್ದಿನ ಕಡೆಯ ತಪ್ಪುಗಳನ್ನೂ ಅಷ್ಟೇ ನೇರವಾಗಿ ಹೇಳಬೇಕು. ಗಿಡದ್ದು, ಮನೆಯದ್ದು, ಆದ್ದರಿಂದ ತೊಂದರೆಯಿಲ್ಲ ಎಂಬ ಮಾತು ಸುಳ್ಳು. ಜೇನಿನಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಒಂದು ವರ್ಷದೊಳಗಿನ ಕೂಸಿನ ಕರುಳಿನಲ್ಲಿ ಬೆಳೆದು ಬಾಟುಲಿಸಮ್ ಎಂಬ, ಸ್ನಾಯುಗಳು ಸೋಲುವ ಕಾಯಿಲೆ ತರಬಲ್ಲವು. ದೊಡ್ಡ ಮಗುವಿಗೆ ಒಳ್ಳೆಯದಾದ ಜೇನನ್ನು ಹಸುಗೂಸಿಗೆ ನೆಕ್ಕಿಸಲೇಬಾರದು. ಮೂಗು ಕಟ್ಟಿದೆ ಎಂದು ಕೂಸಿನ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕಿಳಿದು ಒಂದು ಬಗೆಯ ನಿಮೋನಿಯಾವನ್ನೇ ತರಬಹುದು. ಕರ್ಪೂರ, ನೀಲಗಿರಿ ಎಣ್ಣೆ ಮಕ್ಕಳಲ್ಲಿ ಫಿಟ್ಸ್ ತರಬಲ್ಲವು. ಅತಿಮಧುರವನ್ನು ತಿಂಗಳುಗಟ್ಟಲೆ ಜಗಿದರೆ ರಕ್ತದೊತ್ತಡ ಏರುತ್ತದೆ. ಹಬೆ ತೆಗೆದುಕೊಂಡರೆ ನೆಗಡಿ ಬೇಗ ಹೋಗುತ್ತದೆ ಎನ್ನಲು ಭರವಸೆಯ ಸಾಕ್ಷಿ ಇಲ್ಲ. ಕುದಿಯುವ ಪಾತ್ರೆ ಮಗುಚಿ ಮಕ್ಕಳು ಸುಟ್ಟುಕೊಳ್ಳುವುದಕ್ಕೆ ಮಾತ್ರ ಧಾರಾಳ ಸಾಕ್ಷಿಯಿದೆ. 2020ರ ಲಾಕ್‌ಡೌನ್ ದಿನಗಳಲ್ಲಿ ಬರ್ಮಿಂಗ್‌ಹ್ಯಾಮ್‌ನ ಮಕ್ಕಳ ಆಸ್ಪತ್ರೆಯಲ್ಲಿ ಇಂಥ ಸುಟ್ಟಗಾಯಗಳು ಹಿಂದಿಗಿಂತ 30 ಪಟ್ಟು ಹೆಚ್ಚಿದವು.

ಅದೇ 2020ರಲ್ಲಿ ನಮ್ಮಲ್ಲಿ ಕಷಾಯ ಊಟದ ಜೊತೆಗಿನ ಹಿತದ ವಸ್ತುವಾಗಿ ಉಳಿಯದೆ ರೋಗನಿರೋಧಕ ಶಕ್ತಿಯ ಹೆಸರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ಕುಡಿಯುವ ಔಷಧವಾಯಿತು. ಅದೇ ಉದ್ದೇಶಕ್ಕೆ ಅಮೃತಬಳ್ಳಿ ಸೇವಿಸಿದ ಕೆಲವರಿಗೆ ಯಕೃತ್ತಿಗೆ ಹಾನಿಯಾದ ಪ್ರಕರಣಗಳನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ಚರ್ಚೆ ಏನೇ ಇರಲಿ, ಒಂದು ಮಾತು ಸ್ಪಷ್ಟ. ಯಾವುದಾದರೂ ಗಿಡಕ್ಕೆ ದೇಹವನ್ನು ಬದಲಿಸುವ ಶಕ್ತಿ ಇದೆ ಎನ್ನುವುದಾದರೆ ಕೆಡಿಸುವ ಶಕ್ತಿಯೂ ಅದಕ್ಕಿರಬಹುದು. ಶಕ್ತಿಯನ್ನು ಮಾತ್ರ ಒಪ್ಪಿ ಅಪಾಯವನ್ನು ನಿರಾಕರಿಸುವುದು ವಾದವಲ್ಲ, ಪ್ರಚಾರ. ಮೆಣಸಿನ ಸಾರು ನಿರಪಾಯವಾಗಿರುವುದು ಅದು ಪ್ರಾಚೀನ ಎಂಬ ಕಾರಣಕ್ಕಲ್ಲ, ನಾವು ಅದನ್ನು ಆಹಾರದ ಪ್ರಮಾಣದಲ್ಲಿ ಸೇವಿಸುತ್ತೇವೆ ಎಂಬ ಕಾರಣಕ್ಕೆ. ಆ ಪ್ರಮಾಣ ದಾಟಿದ ಮೇಲೆ ಅದನ್ನೂ ಔಷಧದಂತೆಯೇ ಪರೀಕ್ಷೆಗೆ ಒಡ್ಡಬೇಕು.

ಇಷ್ಟಾಗಿಯೂ ಜನ ಮೆಡಿಕಲ್ ಶಾಪಿಗೇ ಯಾಕೆ ಹೋಗುತ್ತಾರೆ? ಅಜ್ಞಾನ ಎಂದು ಉತ್ತರಿಸಿ ಕೈತೊಳೆದುಕೊಳ್ಳುವುದು ಸುಲಭ. ನಿಜವಾದ ಕಾರಣ ಪುರುಸೊತ್ತು. ಮನೆಮದ್ದಿನ ಅರ್ಧ ಶಕ್ತಿ ಅದರ ಜೊತೆಗೆ ಬರುವ ವಿಶ್ರಾಂತಿಯಲ್ಲಿದೆ, ಮತ್ತು ಯಾರೋ ಒಬ್ಬರು ಒಲೆಯ ಮುಂದೆ ನಿಂತು ನಮಗಾಗಿ ಕುದಿಸಿ ಕೊಡುವುದರಲ್ಲಿದೆ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ಹೆಣ್ಣುಮಗಳಿಗೆ ಈ ಎರಡೂ ಇಲ್ಲ. ಇಎಸ್‌ಐ ನಿಯಮದಲ್ಲಿ ಕಾಯಿಲೆ ಭತ್ಯೆ ಸಾಮಾನ್ಯವಾಗಿ ಮೊದಲ ಎರಡು ದಿನಕ್ಕೆ ಸಿಗುವುದಿಲ್ಲ. ನೆಗಡಿಗೆ ಮಲಗಬೇಕಾದದ್ದು ಆ ಎರಡು ದಿನವೇ. ದಿನಗೂಲಿಯವರಿಗೆ ಅದೂ ಇಲ್ಲ. ನಾಳೆ ಬೆಳಗ್ಗೆ ಕೆಲಸಕ್ಕೆ ನಿಲ್ಲಲೇಬೇಕಾದವರು ನಾಲ್ಕು ಮಾತ್ರೆ ಕೊಳ್ಳುತ್ತಾರೆ. ಮನೆಯಲ್ಲಿ ಎಲ್ಲರಿಗೂ ಕಷಾಯ ಕಾಯಿಸುವ ತಾಯಿಗೆ ತನಗೇ ನೆಗಡಿಯಾದಾಗ ಕಾಯಿಸಿ ಕೊಡುವವರು ಯಾರು ಎಂಬ ಪ್ರಶ್ನೆಯನ್ನೂ ನಾವು ಕೇಳಿಕೊಂಡಿಲ್ಲ. ಮನೆಮದ್ದನ್ನು ಹೊಗಳುವವರು ಸಂಬಳ ಕಡಿತವಿಲ್ಲದ ಎರಡು ದಿನದ ರಜೆಯನ್ನೂ ಕೇಳಬೇಕು, ಒಲೆಯ ಮುಂದೆ ತಾವೂ ನಿಲ್ಲಬೇಕು. ಇಲ್ಲದಿದ್ದರೆ ಆ ಹೊಗಳಿಕೆ ಬಿಡುವಿದ್ದವರ ಮಾತಾಗಿ ಉಳಿಯುತ್ತದೆ.

ಕಾಯುವುದಕ್ಕೂ ಒಂದು ಗಡಿ ಇದೆ. ಆ ಗಡಿಯ ತಿಳಿವಳಿಕೆ ಇಲ್ಲದ ಮನೆಮದ್ದು ಅಪೂರ್ಣ. ಐದು ವರ್ಷದೊಳಗಿನ ಮಗುವಿಗೆ ನೆಗಡಿ ಕೆಮ್ಮು ಇದ್ದಾಗ ಅಂಗಿ ಎತ್ತಿ, ಮಗು ಅಳದೆ ಸುಮ್ಮನಿರುವ ಹೊತ್ತಿನಲ್ಲಿ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40, ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ನಿಮೋನಿಯಾ ಇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಸಿರೆಳೆದಾಗ ಪಕ್ಕೆ ಒಳಗೆ ಸೆಳೆದರೆ, ಮಗು ಹಾಲು ಬಿಟ್ಟರೆ, ಮಂಕಾಗಿ ಮಲಗಿದರೆ ಕಷಾಯಕ್ಕೆ ನೀರಿಡುತ್ತ ಕೂರಬಾರದು, ಆಸ್ಪತ್ರೆಗೆ ಓಡಬೇಕು. ಮಧ್ಯಪ್ರದೇಶದ ಶಹಡೋಲ್‌ನಲ್ಲಿ 2023ರಲ್ಲಿ ನಿಮೋನಿಯಾದ ಕೂಸುಗಳಿಗೆ ಕಾದ ಕಬ್ಬಿಣದಿಂದ ಬರೆ ಹಾಕಿ, ಅವು ಸತ್ತ ಸುದ್ದಿ ದೇಶವೆಲ್ಲ ಕೇಳಿತು. ಬರೆ ಹಾಕಿದವರೂ ಅದನ್ನು ಮನೆಮದ್ದು ಎಂದೇ ನಂಬಿದ್ದರು. ದೊಡ್ಡವರಲ್ಲೂ ಏದುಸಿರು, ಎದೆನೋವು, ಇಳಿದು ಮತ್ತೆ ಏರಿದ ಜ್ವರ, ಮೂರು ವಾರ ದಾಟಿದ ಕೆಮ್ಮು ಕಂಡರೆ ಅದು ನೆಗಡಿಯ ಲೆಕ್ಕಕ್ಕೆ ಸೇರದು.

ಹಾಗಾಗಿ ಹಿರಿಯರು ಕಿರಿಯರಿಗೆ ದಾಟಿಸಬೇಕಾದದ್ದು ಬರೀ ಪುಡಿಯ ಅಳತೆಯನ್ನಲ್ಲ. ಎಷ್ಟು ದಿನ ಕಾಯಬಹುದು, ಯಾವಾಗ ಕಾಯಬಾರದು, ಯಾರಿಗೆ ಏನು ಕೊಡಬಾರದು ಎಂಬುದೂ ಆ ವಿದ್ಯೆಯ ಭಾಗವಾಗಬೇಕು. ಶಾಲೆಯ ಪಾಠದಲ್ಲಿ ಉಸಿರು ಎಣಿಸುವುದು ಬರಲಿ, ಅಂಗಡಿಯವರು ಚೀಟಿಯಿಲ್ಲದೆ ಆ್ಯಂಟಿಬಯಾಟಿಕ್ ಕತ್ತರಿಸುವುದು ನಿಲ್ಲಲಿ, ವೈದ್ಯರು "ಇದಕ್ಕೆ ಮಾತ್ರೆ ಬೇಡ, ಬಿಸಿಯಾಗಿ ಏನಾದರೂ ಕುಡಿದು ಮಲಗಿ" ಎನ್ನುವ ಧೈರ್ಯ ತೋರಲಿ, ಹಾಗೆಂದ ವೈದ್ಯರನ್ನು ನಾವು ಏನೂ ಕೊಡಲಿಲ್ಲ ಎಂದು ದೂರದಿರೋಣ. ಕಷಾಯದ ಲೋಟ ಕೈಗಿಡುವಾಗ "ಇದು ವಾಸಿ ಮಾಡುತ್ತದೆ" ಎನ್ನುವ ಬದಲು "ಇದು ಹಿತವಾಗುತ್ತದೆ, ವಾಸಿ ನಿನ್ನ ಮೈಯೇ ಮಾಡಿಕೊಳ್ಳುತ್ತದೆ" ಎನ್ನೋಣ. ಆ ಮಾತಿನಿಂದ ಕಷಾಯದ ಬೆಲೆ ಕಡಿಮೆಯಾಗುವುದಿಲ್ಲ. ನಿಜ ಹೇಳಿ ಕೊಟ್ಟ ಮದ್ದನ್ನು ಯಾವ ಪ್ರಯೋಗಾಲಯವೂ ಸುಳ್ಳು ಮಾಡಲಾರದು, ಯಾವ ಮಾತ್ರೆಯೂ ಮನೆಯಿಂದ ಹೊರಗೆ ತಳ್ಳಲಾರದು.